ಹೆರಾಲ್ಡ್ ಮತ್ತೆ ರಸ್ತೆಗೆ: ಕಾಗದದಿಂದ ಬಣ್ಣದವರೆಗೆ, ಕ್ರಮ ತಪ್ಪದೆ

ಹಳೆಯ ಕಾರು ಮನೆ ಮುಂದೆ ಬಂದು ನಿಂತ ಮರುದಿನವೇ ಬಣ್ಣದ ಕಾರ್ಡು ಹಿಡಿದು ಕೂರುವುದು ಹೊಸಬರ ಚಾಳಿ. ಸ್ಟ್ಯಾಂಡರ್ಡ್ ಹೆರಾಲ್ಡ್‌ನಲ್ಲಿ ಬಣ್ಣ ಕಟ್ಟಕಡೆಯ ಕೆಲಸ. ಮೊದಲು ಕಾಗದಪತ್ರ, ಆಮೇಲೆ ಚಾಸಿ (ಬಾಡಿಯನ್ನು ಹೊರುವ ಕೆಳಗಿನ ಕಬ್ಬಿಣದ ಚೌಕಟ್ಟು), ಆಮೇಲೆ ಮುಂಗಾಲಿ ಮತ್ತು ಬ್ರೇಕು, ನಂತರ ಎಂಜಿನ್, ವೈರಿಂಗು. ಕಾರು ತನ್ನ ಬಲದಿಂದ ಅಂಗಳದಲ್ಲಿ ಹಿಂದೆ ಮುಂದೆ ಓಡಾಡಿದ ಮೇಲೆ ಸ್ಪ್ರೇ ಗನ್ ಕೈಗೆ ಬರಬೇಕು. ತಾಡಪತ್ರಿ ಹೊದ್ದು ವರ್ಷಗಟ್ಟಲೆ ನಿಂತ ಕಾರುಗಳಲ್ಲಿ ಬಹಳಷ್ಟು ಈ ಕ್ರಮ ತಪ್ಪಿದವೇ.

ಸ್ಪೋರ್ಟ್ಸ್ ಕಾರು ಬೇಕೆನ್ನುವವರಿಗೆ ಹೆರಾಲ್ಡ್ ಯಾಕೆ? 1959ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಟ್ರಯಂಫ್ ಹೆರಾಲ್ಡ್‌ಗೆ ರೂಪ ಕೊಟ್ಟವರು ಇಟಲಿಯ ಜೋವಾನಿ ಮಿಕೆಲೊಟ್ಟಿ. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ 1961ರಿಂದ ಅದನ್ನೇ 948 ಸಿಸಿ ಎಂಜಿನ್ ಹಾಕಿ ಇಲ್ಲಿ ತಯಾರಿಸಿತು. 1962ರ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಹುಟ್ಟಿದ್ದು ಇದೇ ಚಾಸಿಯನ್ನು ಗಿಡ್ಡ ಮಾಡಿ. ಮುಂಗಾಲಿಯ ಜೋಡಣೆ, ರ್‍ಯಾಕ್ ಸ್ಟೇರಿಂಗು, ಹಿಂದಿನ ಅಡ್ಡ ಪಾಟಾ (ಪಟ್ಟಿ ಸ್ಪ್ರಿಂಗು) ಎರಡರಲ್ಲೂ ಒಂದೇ ಮನೆತನದವು. ಇಂಗ್ಲೆಂಡಿನಲ್ಲಿ ಸ್ಪಿಟ್‌ಫೈರ್‌ಗೆಂದು ಇಂದಿಗೂ ತಯಾರಾಗುವ ಎಷ್ಟೋ ಬಿಡಿಭಾಗ ಇದಕ್ಕೂ ಕೂರುತ್ತವೆ. ಇನ್ನೊಂದು ಅನುಕೂಲ: ಬಾನೆಟ್ಟು ಮಡ್‌ಗಾರ್ಡ್ ಸಮೇತ ಮುಂದಕ್ಕೆ ಬಾಗುತ್ತದೆ. ಮುಂದಿನ ಟೈರಿನ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದು. ಕಲಿಯುವವರಿಗೆ ಇದಕ್ಕಿಂತ ಸಲೀಸಾದ ಕಾರು ಇಲ್ಲ.

ಮೊದಲು ಕಾಗದ

ಬೆಳಗಾವಿ ಸೀಮೆಯಲ್ಲಿ ಸಿಗುವ ಹಳೆ ಕಾರು ಅನೇಕ ಸಲ ಕೊಲ್ಹಾಪುರದ್ದೋ ಗೋವಾದ್ದೋ ಆಗಿರುತ್ತದೆ. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ನಿರಾಕ್ಷೇಪಣಾ ಪತ್ರ ಬಂದ ಮೇಲೆಯೇ ಪೂರ್ತಿ ಹಣ ಕೊಡಿ. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಆರ್‌ಸಿಯ ಮೇಲಿನ ಎಂಜಿನ್ ನಂಬರು, ಚಾಸಿ ನಂಬರು ಕಾರಿನ ಮೇಲಿನವಕ್ಕೆ ಅಕ್ಷರಶಃ ತಾಳೆಯಾಗಬೇಕು. ಆರ್‌ಟಿಒದಲ್ಲಿ ನಂಬರಿನ ಪೆನ್ಸಿಲ್ ಪ್ರಿಂಟ್ ಕೇಳುತ್ತಾರೆ. ಆದ್ದರಿಂದ ಬಿಚ್ಚುವ ಮೊದಲೇ ನಂಬರಿನ ಫೋಟೊ ಮತ್ತು ಪ್ರಿಂಟ್ ತೆಗೆದಿಡಿ. ನಂಬರಿನ ಪಟ್ಟಿಗೆ ಗ್ರೈಂಡರ್ ತಾಗಿಸಬೇಡಿ, ದಪ್ಪ ಬಣ್ಣ ಬಳಿಯಬೇಡಿ.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ಆ ನಿಯಮದಂತೆ ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಆದರೆ ಈ ನೋಂದಣಿಯ ಕಾರನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಅಷ್ಟೇ. ಆರ್‌ಸಿ ಇನ್ನೂ ಜೀವಂತವಾಗಿದ್ದು, ಭಾನುವಾರ ಗೋಕಾಕಕ್ಕೆ ಹೋಗಿಬರುವ ಆಸೆ ಇದ್ದರೆ ಐದು ವರ್ಷಕ್ಕೊಮ್ಮೆ ನವೀಕರಿಸುವ ಮಾಮೂಲಿ ದಾರಿಯೇ ಮೇಲು. ಎಂಜಿನ್ ಬದಲಿಸಿ ಮಾರುತಿ ಎಂಜಿನ್ ಕೂರಿಸುವ ಯೋಚನೆ ಇದ್ದವರಿಗೆ ವಿಂಟೇಜ್ ಬಾಗಿಲು ಮುಚ್ಚಿದಂತೆಯೇ.

ಕೊಳ್ಳುವಾಗ ನೋಡಬೇಕಾದ ಮೂರು ಜಾಗ

ಹೆರಾಲ್ಡ್‌ನ ಬಾಗಿಲ ಕೆಳಗಿನ ಸಿಲ್ಲು ಬೋಲ್ಟಿನಿಂದ ಕೂರಿಸಿದ ತಗಡು ಅಷ್ಟೇ. ಅದು ಭಾರ ಹೊರುವುದಿಲ್ಲ. ಭಾರ ಹೊರುವುದು ಅದರ ಹಿಂದೆ ಅಡಗಿರುವ ಚಾಸಿಯ ಅಡ್ಡತೋಳುಗಳು ಮತ್ತು ಪಕ್ಕದ ಪಟ್ಟಿ. (ಸ್ಪಿಟ್‌ಫೈರ್‌ನಲ್ಲಿ ಇದು ತಿರುಗುಮುರುಗು, ಅಲ್ಲಿ ಸಿಲ್ಲೇ ಬೆನ್ನೆಲುಬು.) ಹೊಳೆಯುವ ಹೊಸ ಸಿಲ್ಲು ಕಂಡು ಮರುಳಾಗದೆ ಕೆಳಗೆ ಮಲಗಿ, ಹಳೆಯ ಸ್ಕ್ರೂಡ್ರೈವರಿನಿಂದ ಅಡ್ಡತೋಳುಗಳನ್ನು ಜೋರಾಗಿ ಚುಚ್ಚಿ ನೋಡಿ. ಗಟ್ಟಿ ಕಬ್ಬಿಣ ‘ಟಣ್’ ಎನ್ನುತ್ತದೆ. ಜಂಗು ತಿಂದದ್ದು ‘ದಬ್’ ಎಂದು ಒಳಗೆ ಹೋಗುತ್ತದೆ. ಡಿಕ್ಕಿಯ ಕೆಳಗಿನ ಹಿಂದಿನ ತೋಳುಗಳನ್ನು ಮರೆಯಬೇಡಿ, ಹಿಂಗಾಲಿ ಎರಚುವ ಕೆಸರೆಲ್ಲ ಅಲ್ಲಿಗೇ.

ಎರಡನೆಯದು ಬಾಗಿಲ ಸಂದು. ಮೇಲಿನ ಸಂದು ಕಿರಿದಾಗಿ ಕೆಳಗಿನದು ಅಗಲವಾಗಿದ್ದರೆ ಚಾಸಿ ನಡುವೆ ಜಗ್ಗಿದೆ ಎಂದೇ ಅನುಮಾನಿಸಿ.

ಮೂರನೆಯದನ್ನು ನೋಡಲು ಇಬ್ಬರು ಬೇಕು. ಒಬ್ಬರು ಕ್ಲಚ್ ಒತ್ತಿ ಬಿಡುತ್ತಿರಲಿ, ಇನ್ನೊಬ್ಬರು ಎಂಜಿನ್ನಿನ ಮುಂದಿನ ಪುಲ್ಲಿ ನೋಡಲಿ. ಪುಲ್ಲಿ ಕಣ್ಣಿಗೆ ಕಾಣುವಷ್ಟು ಮುಂದೆ ಹಿಂದೆ ಸರಿದರೆ ಕ್ರ್ಯಾಂಕನ್ನು (ಎಂಜಿನ್ನಿನ ಮುಖ್ಯ ತಿರುಗುದಂಡ) ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಥ್ರಸ್ಟ್ ವಾಷರ್ ಸವೆದಿದೆ ಅಥವಾ ಕಳಚಿ ಕೆಳಗಿನ ಆಯಿಲ್ ಟ್ಯಾಂಕಿಗೆ ಬಿದ್ದಿದೆ. ಅಂಥ ಎಂಜಿನ್ ಸ್ಟಾರ್ಟ್ ಮಾಡಿ ಸದ್ದು ಕೇಳುವ ಆಸೆ ಬೇಡ. ಬೆಲೆ ಇಳಿಸಿ ಮಾತಾಡಿ.

ಬಿಚ್ಚುವುದು, ಗುರುತಿಡುವುದು

ಸ್ಪ್ಯಾನರು ಮೊದಲು ಸರಿಯಾಗಿರಲಿ. ಈ ಕಾರಿನ ನಟ್ಟು-ಬೋಲ್ಟು ಬಹುತೇಕ ಇಂಚಿನವು: 7/16, 1/2, 9/16, 5/8. ಮನೆಯಲ್ಲಿರುವ 13 ಎಂಎಂ ಪಾನಾ 1/2 ಇಂಚಿನ ನಟ್ಟಿಗೆ ಕೂರುತ್ತದೆ, ಆದರೆ ಸಡಿಲ. ಜಂಗು ಹಿಡಿದ ನಟ್ಟಿನ ಮೂಲೆ ಸವೆಯುವುದು ಇದರಿಂದಲೇ. ಹಿಂದಿನ ರಾತ್ರಿ ಜಂಗು ಸಡಿಲಿಸುವ ಎಣ್ಣೆ ಬಿಡಿ, ಬೆಳಗ್ಗೆ ಸುತ್ತಿಗೆಯಿಂದ ಎರಡು ಪೆಟ್ಟು ಕೊಡಿ, ಮೊದಲು ಸ್ವಲ್ಪ ಬಿಗಿ ಮಾಡುವ ದಿಕ್ಕಿಗೆ ತಿರುಗಿಸಿ, ಆಮೇಲೆ ಸಡಿಲಿಸಿ.

ಒಂದೊಂದು ಭಾಗಕ್ಕೂ ಒಂದೊಂದು ಚೀಲ, ಒಳಗೆ ಚೀಟಿ. ಬಾಡಿ ಮತ್ತು ಚಾಸಿ ನಡುವೆ ಸಣ್ಣ ತಗಡು, ರಬ್ಬರಿನ ಪ್ಯಾಕಿಂಗುಗಳಿರುತ್ತವೆ. ಅವನ್ನು ಕಸವೆಂದು ಎಸೆದವರು ಕೊನೆಗೆ ಬಾಗಿಲು ಮುಚ್ಚಲಾಗದೆ ಒದ್ದಾಡುತ್ತಾರೆ. ಯಾವ ಬೋಲ್ಟಿನ ಕೆಳಗೆ ಎಷ್ಟು ಪದರವಿತ್ತೆಂದು ಬರೆದಿಡಿ.

ಜಂಗು ತೆಗೆಯಲು ನಮ್ಮ ಸೀಮೆಯಲ್ಲೊಂದು ಅಗ್ಗದ ಉಪಾಯವಿದೆ: ಕಾಕಂಬಿ. ಸುತ್ತಲೂ ಸಕ್ಕರೆ ಕಾರ್ಖಾನೆ ಇರುವಾಗ ದನದ ಮೇವಿಗೆ ಬೆರೆಸುವ ಕಾಕಂಬಿ ಹುಡುಕುವುದು ಕಷ್ಟವಲ್ಲ. ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 5 ಲೀಟರ್ ಕಾಕಂಬಿಗೆ 45 ಲೀಟರ್ ನೀರು ಕಲಸಿ. ಗ್ರೀಸು, ಎಣ್ಣೆ ತೊಳೆದ ಬ್ರಾಕೆಟ್ಟು, ಹಿಂಜು, ಸ್ಪ್ರಿಂಗ್ ಕಪ್ಪುಗಳನ್ನು ತಂತಿಗೆ ಕಟ್ಟಿ ಪೂರ್ತಿ ಮುಳುಗಿಸಿ. ಅರ್ಧ ಮುಳುಗಿದರೆ ನೀರಿನ ಗೆರೆಯಲ್ಲೇ ಹೊಸ ಜಂಗು ಹಿಡಿಯುತ್ತದೆ. ಒಂದರಿಂದ ಎರಡು ವಾರ ಬೇಕು. ಮೂರು ದಿನಕ್ಕೊಮ್ಮೆ ಎತ್ತಿ ನೋಡಿ. ಮೇಲೆ ನೊರೆ ಬರುತ್ತದೆ, ವಾಸನೆ ಅಸಹ್ಯವಾಗುತ್ತದೆ, ಡ್ರಮ್ಮು ಹಿತ್ತಲಲ್ಲಿರಲಿ. ಕಾಕಂಬಿ ಜಂಗನ್ನು ಕರಗಿಸಿ ಗಟ್ಟಿ ಕಬ್ಬಿಣವನ್ನು ಬಿಡುತ್ತದೆ, ಆದರೆ ಅಲ್ಯೂಮಿನಿಯಂ ಮತ್ತು ಸತುವನ್ನು ತಿನ್ನುತ್ತದೆ. ಕಾರ್ಬುರೇಟರು, ಪೆಟ್ರೋಲ್ ಪಂಪಿನ ಬಾಡಿ ಇದರಲ್ಲಿ ಹಾಕಿದರೆ ಕೆಟ್ಟಂತೆಯೇ. ಹೊರತೆಗೆದ ತಕ್ಷಣ ತೊಳೆದು, ಒಲೆಯ ಹತ್ತಿರವೋ ಬಿಸಿಲಿಗೋ ಇಟ್ಟು ಒಣಗಿಸಿ ಕೂಡಲೇ ಪ್ರೈಮರ್ ಹೊಡೆಯಿರಿ. ಬರಿ ಕಬ್ಬಿಣ ಅರ್ಧ ತಾಸಿನಲ್ಲೇ ಮತ್ತೆ ಕೆಂಪಾಗುತ್ತದೆ.

ಚಾಸಿ

ಬಾಡಿ ಎತ್ತುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡವಾಗಿ ಒಂದು ಇಂಚಿನ ಚೌಕ ಪೈಪು ಬೋಲ್ಟು ಮಾಡಿ. ಇಲ್ಲದಿದ್ದರೆ ಮುಂದಿನ ಭಾಗ, ಹಿಂದಿನ ತೊಟ್ಟಿ (ಬಾಡಿಯ ಹಿಂಭಾಗ) ಒಂದಕ್ಕೊಂದು ವಾಲುತ್ತವೆ. ಬಾನೆಟ್ಟು, ಮುಂದಿನ ಗೋಡೆ, ಹಿಂದಿನ ತೊಟ್ಟಿ ಬೇರೆಬೇರೆಯಾಗಿ ಬಿಚ್ಚುವುದರಿಂದ ಕ್ರೇನು ಬೇಡ, ನಾಲ್ಕು ಜನ ಗೆಳೆಯರು ಸಾಕು. ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಹೋಗುವಾಗ ಸ್ಟ್ಯಾಂಡು ಕಡ್ಡಾಯ. ಇಟ್ಟಿಗೆ, ಸಿಮೆಂಟ್ ಬ್ಲಾಕು ಒಮ್ಮೆಲೇ ಪುಡಿಯಾಗುತ್ತವೆ.

ಖಾಲಿ ಚಾಸಿಯನ್ನು ಸಪಾಟು ನೆಲದ ಮೇಲಿಟ್ಟು ಕರ್ಣಗಳನ್ನು ಟೇಪಿನಿಂದ ಅಳೆಯಿರಿ. ಎಡ ಮುಂದಿನಿಂದ ಬಲ ಹಿಂದಕ್ಕೆ, ಬಲ ಮುಂದಿನಿಂದ ಎಡ ಹಿಂದಕ್ಕೆ. ವ್ಯತ್ಯಾಸ 3 ಎಂಎಂ ದಾಟಿದರೆ ವೆಲ್ಡಿಂಗಿಗೆ ಮೊದಲು ಚಾಸಿ ನೇರ ಮಾಡುವವರಿಗೆ ತೋರಿಸಿ. ಕೊಳೆತ ತೋಳನ್ನು ಒಂದೊಂದಾಗಿ ಕತ್ತರಿಸಿ ಒಂದೊಂದಾಗಿ ಕೂರಿಸಿ. ಎರಡೂ ಬದಿ ಒಮ್ಮೆಲೇ ಕತ್ತರಿಸಿದರೆ ಅಳತೆಗೆ ಆಧಾರವೇ ಉಳಿಯುವುದಿಲ್ಲ. ಜಂಗಿನ ಮೇಲೆ ತೇಪೆ ವೆಲ್ಡ್ ಮಾಡಿಸಬೇಡಿ, ಒಳಗಿಂದ ತಿನ್ನುವುದು ನಿಲ್ಲುವುದಿಲ್ಲ.

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಶಾಟ್ ಬ್ಲಾಸ್ಟಿಂಗ್ ಯಂತ್ರಗಳಿವೆ, ಸಣ್ಣ ಗುಂಡುಗಳನ್ನು ರಭಸದಿಂದ ಎರಚಿ ಜಂಗು ಕೀಳುವಂಥವು. ಅವು ಇರುವುದು ಎರಕದ ಕಬ್ಬಿಣಕ್ಕೆ. ಚಾಸಿ ತಡೆದುಕೊಳ್ಳುತ್ತದೆ, ಬಾಗಿಲು, ಬಾನೆಟ್ಟಿನ ತೆಳು ತಗಡನ್ನು ಅಲ್ಲಿಗೆ ಕೊಟ್ಟರೆ ಹಪ್ಪಳದ ಹಾಗೆ ಉಬ್ಬಿ ವಾಪಸು ಬರುತ್ತದೆ. ಚಾಸಿ ಬ್ಲಾಸ್ಟ್ ಆದ ದಿನವೇ ಎಪಾಕ್ಸಿ ಪ್ರೈಮರ್ ಎರಡು ಕೋಟು. ಮಳೆಗಾಲದ ಬೆಳಗಾವಿಯಲ್ಲಿ ‘ನಾಳೆ ಹೊಡೆಯೋಣ’ ಎಂಬ ಮಾತಿಗೆ ಅರ್ಥವಿಲ್ಲ.

ಮುಂಗಾಲಿಯ ಟ್ರನಿಯನ್

ಈ ಕಾರಿನಲ್ಲಿ ಜೀವಕ್ಕೆ ಅಪಾಯ ತರುವ ಭಾಗ ಇದು. ಮುಂದಿನ ಪ್ರತಿ ಗಾಲಿಯ ಹಿಂದೆ ನೆಟ್ಟಗೆ ನಿಂತ ಉಕ್ಕಿನ ತುಂಡೊಂದಿದೆ. ಅದರ ಕೆಳತುದಿಯ ಥ್ರೆಡ್ಡು ಕಂಚಿನ ಟ್ರನಿಯನ್ ಒಳಗೆ ಕೂತಿದೆ. ಸ್ಟೇರಿಂಗು ತಿರುಗಿಸಿದಾಗಲೆಲ್ಲ ಉಕ್ಕು ಕಂಚಿನೊಳಗೆ ಸುತ್ತುತ್ತದೆ. ಇದಕ್ಕೆ ಬೇಕಾದ್ದು ಇಪಿ 90 ಗೇರ್ ಆಯಿಲ್, ಗ್ರೀಸಲ್ಲ. ನಮ್ಮ ಗ್ಯಾರೇಜುಗಳಲ್ಲಿ ರಂಧ್ರ ಕಂಡಲ್ಲಿ ಗ್ರೀಸ್ ಗನ್ ಹಚ್ಚುವುದು ರೂಢಿ. ಗ್ರೀಸು ಒಣಗಿ ಗಟ್ಟಿಯಾಗಿ ಥ್ರೆಡ್ಡಿನ ತಳಕ್ಕೆ ಇಳಿಯುವುದಿಲ್ಲ, ನೀರು ಇಳಿಯುತ್ತದೆ. ಉಕ್ಕು ಒಳಗೊಳಗೇ ಜಂಗು ಹಿಡಿದು ಕಂಚಿಗೆ ಕಚ್ಚಿಕೊಳ್ಳುತ್ತದೆ, ಕೊನೆಗೊಂದು ದಿನ ಕಾರನ್ನು ಪೂರ್ತಿ ತಿರುಗಿಸಿ ಪಾರ್ಕ್ ಮಾಡುವಾಗ ಮುರಿದು ಗಾಲಿ ಒಳಕ್ಕೆ ಮಡಚಿಕೊಳ್ಳುತ್ತದೆ. ಓಡುವಾಗಲೂ ಮುರಿಯಬಹುದು.

ಬಿಚ್ಚಿದ ಮೇಲೆ ಉಕ್ಕಿನ ಥ್ರೆಡ್ಡನ್ನು ಪೆಟ್ರೋಲಿನಲ್ಲಿ ತೊಳೆದು ಭೂತಗನ್ನಡಿ ಹಿಡಿದು ನೋಡಿ. ಕಪ್ಪು ಕಲೆ ಪರವಾಗಿಲ್ಲ, ಕುಳಿ ಬಿದ್ದಿದ್ದರೆ ಎಸೆಯಿರಿ. ಲೇಥಿನಲ್ಲಿ ಹೊಸದು ಕಡೆಸಿಕೊಳ್ಳುತ್ತೇನೆ ಎನ್ನುವ ಉಳಿತಾಯ ಇಲ್ಲಿ ಬೇಡ, ಹೊಸ ಭಾಗವನ್ನೇ ತರಿಸಿ. ಎಡ ಗಾಲಿಯದು ಎಡಸುತ್ತಿನ ಥ್ರೆಡ್ಡು, ಬಲದ್ದು ಬಲಸುತ್ತು. ಆರ್ಡರ್ ಮಾಡುವಾಗ ಬದಿ ಹೇಳಲೇಬೇಕು. ಜೋಡಿಸುವಾಗ ತಳಕ್ಕೆ ಮುಟ್ಟುವವರೆಗೆ ತಿರುಗಿಸಿ, ನಂತರ ಗಾಲಿ ಎರಡೂ ಕಡೆ ಪೂರ್ತಿ ಹೊರಳುವಷ್ಟು ಹಿಂದಕ್ಕೆ ಬಿಡಿ. ಪಕ್ಕದ ಸಣ್ಣ ಪ್ಲಗ್ಗು ತೆಗೆದು ನಿಪ್ಪಲ್ ಹಾಕಿ, ಎಣ್ಣೆ ತುಂಬಿದ ಗನ್ನಿನಿಂದ ಮೇಲಿನ ರಬ್ಬರಿನಲ್ಲಿ ಎಣ್ಣೆ ಉಕ್ಕುವವರೆಗೆ ಒತ್ತಿ. ಗ್ರೀಸಿಗೆ ಬಳಸದ ಬೇರೆ ಗನ್ನೊಂದನ್ನು ಇದಕ್ಕೇ ಇಡಿ, ಮೇಲೆ ‘ಎಣ್ಣೆ’ ಎಂದು ಬರೆಯಿರಿ. ಆರು ತಿಂಗಳಿಗೊಮ್ಮೆ ಈ ಕೆಲಸ. ಕಾರು ಓಡದೆ ನಿಂತಿದ್ದರೂ.

ಹಿಂದಿನ ಗಾಲಿಗಳು ಜಾಕಿನಿಂದ ಇಳಿಸಿದಾಗ ಕಪ್ಪೆಯ ಕಾಲಿನಂತೆ ಓರೆಯಾಗಿ ನಿಂತರೆ ಗಾಬರಿಯಾಗಬೇಡಿ. ಸ್ವಿಂಗ್ ಆಕ್ಸಲ್ಲಿನ (ನಡುವಿನ ಕೀಲಿನಿಂದ ಗಾಲಿ ಸಮೇತ ಮೇಲೆ ಕೆಳಗೆ ತೂಗುವ ಆಕ್ಸಲ್) ಗುಣವೇ ಹಾಗೆ. ಹತ್ತು ಮೀಟರ್ ತಳ್ಳಿ ಆಮೇಲೆ ಅಳೆಯಿರಿ.

ಬ್ರೇಕು

ಬ್ರೇಕಿಗೆ ಒಂದೇ ಸರ್ಕ್ಯೂಟು. ಯಾವುದೇ ಒಂದು ಪೈಪು ಒಡೆದರೂ ನಾಲ್ಕೂ ಗಾಲಿಯ ಬ್ರೇಕು ಹೋಯಿತು. ಆದ್ದರಿಂದ ರಬ್ಬರ್ ಹೋಸು, ವ್ಹೀಲ್ ಸಿಲಿಂಡರಿನ ಕಪ್ಪು, ಮಾಸ್ಟರ್ ಸಿಲಿಂಡರ್ ಕಿಟ್ಟು, ಉಕ್ಕಿನ ಪೈಪು ಎಲ್ಲ ಹೊಸದು. ಇಲ್ಲಿ ಚೌಕಾಸಿ ಇಲ್ಲ. ಲೈನರು ಊರಲ್ಲೇ ಹೊಡೆಸಬಹುದು. ಡಾಟ್ 4 ಫ್ಲೂಯಿಡ್ ಹಾಕಿ. ಗಾಳಿ ತೆಗೆಯುವುದನ್ನು ಮಾಸ್ಟರ್ ಸಿಲಿಂಡರಿನಿಂದ ದೂರದ ಎಡ ಹಿಂಗಾಲಿಯಿಂದ ಶುರುಮಾಡಿ, ಬಲ ಹಿಂದು, ಎಡ ಮುಂದು, ಕೊನೆಗೆ ಬಲ ಮುಂದು. ಬ್ರೇಕ್ ಫ್ಲೂಯಿಡ್ ಬಣ್ಣ ಸುಲಿಯುತ್ತದೆ. ಬಣ್ಣ ಕೊನೆಗಿರಲಿ ಎನ್ನಲು ಇದೂ ಒಂದು ಕಾರಣ.

ಎಂಜಿನ್

ಜಾಮಾದ ಎಂಜಿನ್ನಿಗೆ ಬಲಪ್ರಯೋಗ ಬೇಡ. ಪ್ಲಗ್ಗು ಬಿಚ್ಚಿ ಪ್ರತಿ ಸಿಲಿಂಡರಿಗೆ ಎರಡು ಚಮಚ ಡೀಸೆಲ್ ಮತ್ತು ಆಟೊಮ್ಯಾಟಿಕ್ ಗೇರ್ ಬಾಕ್ಸಿನ ತೆಳು ಎಣ್ಣೆ (ಎಟಿಎಫ್) ಕಲಸಿ ಬಿಡಿ. ನಾಲ್ಕು ದಿನ ಬಿಟ್ಟು, ಟಾಪ್ ಗೇರಿಗೆ ಹಾಕಿ ಕಾರನ್ನು ಮೆಲ್ಲಗೆ ಹಿಂದೆ ಮುಂದೆ ತೂಗಿ. ಕೂದಲೆಳೆಯಷ್ಟು ಕದಲಿದರೂ ಗೆದ್ದಂತೆ.

ಬೋರು 63 ಎಂಎಂ, ಸ್ಟ್ರೋಕು 76 ಎಂಎಂ. ಬೋರಿಂಗು, ಕ್ರ್ಯಾಂಕ್ ಗ್ರೈಂಡಿಂಗಿಗೆ ಬಾಗಲಕೋಟೆ, ವಿಜಯಪುರದವರೂ ಬೆಳಗಾವಿಯ ಉದ್ಯಮಬಾಗಕ್ಕೆ ತರುವುದು ಒಳ್ಳೆಯದು. ಅಳತೆಗೆ ಬೆಲೆ ಕೊಡುವ ಯಂತ್ರದವರು ಅಲ್ಲಿ ಸಿಗುತ್ತಾರೆ. ಕ್ರಮ ನೆನಪಿರಲಿ: ಮೊದಲು ಪಿಸ್ಟನ್ನು, ಬೇರಿಂಗು ಕೈಗೆ ಬರಲಿ, ಆಮೇಲೆ ಅವುಗಳ ಅಳತೆಗೆ ಬೋರು, ಕ್ರ್ಯಾಂಕು ಕೊರೆಸಿ. ಮೊದಲೇ ಕೊರೆಸಿದರೆ ಆ ಓವರ್‌ಸೈಜ್ ಸಿಗದೆ ಬ್ಲಾಕು ಮೂಲೆಗೆ ಬೀಳುತ್ತದೆ. ಹೆಡ್ಡು ಯಂತ್ರಕ್ಕೆ ಹೋದಾಗಲೇ ಎಕ್ಸಾಸ್ಟ್ ವಾಲ್ವಿಗೆ ಗಟ್ಟಿ ಉಕ್ಕಿನ ಸೀಟು ಕೂರಿಸಿಕೊಳ್ಳಿ. ಈ ಎಂಜಿನ್ ಸೀಸದ ಪೆಟ್ರೋಲಿನ ಕಾಲದ್ದು. ಸೀಸವಿಲ್ಲದ ಪೆಟ್ರೋಲಿನಲ್ಲಿ ಮೆತ್ತಗಿನ ಸೀಟು ಕ್ರಮೇಣ ಸವೆದು ಒಳಗೆ ಇಳಿಯುತ್ತದೆ.

ಥ್ರಸ್ಟ್ ವಾಷರಿಗೆ ಬರೋಣ. ಹಿಂದಿನ ಮೇನ್ ಬೇರಿಂಗಿನ ಎರಡು ಬದಿಗೆ ಅರ್ಧಚಂದ್ರದಂಥ ಎರಡು ತುಂಡು. ಕ್ಲಚ್ ಒತ್ತಿದಾಗಲೆಲ್ಲ ಕ್ರ್ಯಾಂಕಿನ ಒತ್ತಡ ಇವುಗಳ ಮೇಲೆ. ಕೆಳಗಿನ ಕ್ಯಾಪಿನಲ್ಲಿ ಇವಕ್ಕೆ ಜೋಡಿ ಇಲ್ಲ. ಸವೆದು ತೆಳ್ಳಗಾದರೆ ಸುತ್ತಿಕೊಂಡು ಕೆಳಗೆ ಉದುರುತ್ತವೆ, ಆಮೇಲೆ ಕ್ರ್ಯಾಂಕು ಬ್ಲಾಕನ್ನೇ ಉಜ್ಜುತ್ತದೆ. ಗೀರುಗಳಿರುವ ಮುಖ ಕ್ರ್ಯಾಂಕಿನ ಕಡೆಗೆ ಬರಬೇಕು. ತಿರುವು ಮುರುವು ಹಾಕಿದ ಎಂಜಿನ್ನುಗಳು ಸಾಕಷ್ಟಿವೆ. ಕ್ರ್ಯಾಂಕನ್ನು ಒಂದು ಕಡೆ ಒತ್ತಿಹಿಡಿದು ಫೀಲರ್ ಗೇಜಿನಿಂದ ಆಟ ಅಳೆಯಿರಿ: 0.1ರಿಂದ 0.2 ಎಂಎಂ ಇರಬೇಕು. ಹೆಚ್ಚಿದ್ದರೆ ಓವರ್‌ಸೈಜ್ ವಾಷರು. ಟ್ರಾಫಿಕ್ಕಿನಲ್ಲಿ ಕ್ಲಚ್ ಒತ್ತಿಯೇ ನಿಲ್ಲುವ ಅಭ್ಯಾಸ ಇರುವವರು ಈ ಕಾರಿನಲ್ಲಾದರೂ ಅದನ್ನು ಬಿಡಿ.

ಹೆಡ್ ನಟ್ಟುಗಳನ್ನು ನಡುವಿನಿಂದ ಹೊರಗೆ, ಮೂರು ಹಂತದಲ್ಲಿ, ಟಾರ್ಕ್ ಪಾನಾದಿಂದ 42–46 ಪೌಂಡ್-ಅಡಿಗೆ ಬಿಗಿಮಾಡಿ. ಟ್ಯಾಪೆಟ್ ಸಂದು (ವಾಲ್ವು ಮತ್ತು ಅದನ್ನು ಒತ್ತುವ ತೋಳಿನ ನಡುವಿನದು) ಎಂಜಿನ್ ತಣ್ಣಗಿದ್ದಾಗ 0.010 ಇಂಚು. ಇದಕ್ಕೊಂದು ‘ಒಂಬತ್ತರ ಲೆಕ್ಕ’ ಇದೆ: ಮುಂದಿನಿಂದ ಎಣಿಸಿ 1ನೇ ವಾಲ್ವು ಪೂರ್ತಿ ತೆರೆದಾಗ 8ನೆಯದನ್ನು ಹೊಂದಿಸಿ, 3 ತೆರೆದಾಗ 6, 5 ತೆರೆದಾಗ 4, ಎರಡರ ಮೊತ್ತ ಯಾವಾಗಲೂ 9. ಫೈರಿಂಗ್ ಕ್ರಮ 1-3-4-2. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸಂದು 0.015, ಪ್ಲಗ್ ಸಂದು 0.025 ಇಂಚು. ಎಂಜಿನ್ ಆಯಿಲ್ 20ಡಬ್ಲ್ಯು-50; ಬಿಸಿಯಾದಾಗ 2,000 ಆರ್‌ಪಿಎಂನಲ್ಲಿ ಪ್ರೆಶರು 40–60 ಪಿಎಸ್‌ಐ ತೋರಿಸಿದರೆ ಕೆಳಗಿನ ಕೆಲಸ ಸರಿಯಾಗಿದೆ.

ಪೆಟ್ರೋಲು, ಕರೆಂಟು

ಈಗಿನ ಪೆಟ್ರೋಲಿನಲ್ಲಿ ಎಥನಾಲ್ 20 ಪ್ರತಿಶತದವರೆಗೆ ಇರುತ್ತದೆ. ಅದು ಹಳೆ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವ ಹೀರಿ ಟ್ಯಾಂಕಿನ ತಳದಲ್ಲಿ ನೀರು ಸೇರಿಸುತ್ತದೆ. ಹೋಸುಗಳೆಲ್ಲ ವೈಟಾನ್ (ಎಥನಾಲ್ ತಡೆಯುವ ರಬ್ಬರು) ಇರಲಿ, ಪಂಪಿನ ಡಯಾಫ್ರಾಮ್ ಹೊಸದಿರಲಿ. ಸೋರುವ ಟ್ಯಾಂಕಿಗೆ ಖಾಲಿ ಇದೆಯೆಂದು ವೆಲ್ಡಿಂಗ್ ಮಾಡಿಸಬೇಡಿ; ಸಿಡಿಯಲು ಒಳಗಿನ ಆವಿ ಸಾಕು.

ಬ್ಯಾಟರಿ ಜೋಡಿಸುವ ಮುನ್ನ ಯಾವ ತುದಿ ಬಾಡಿಗೆ ಹೋಗಿದೆ ನೋಡಿ. ಆ ಕಾಲದ ಇಂಗ್ಲಿಷ್ ಕಾರುಗಳಲ್ಲಿ ಪ್ಲಸ್ ತುದಿ ಅರ್ತ್ ಆಗಿರುವುದು ಸಾಮಾನ್ಯ. ಗೊತ್ತಿಲ್ಲದೆ ಹೊಸ ರೇಡಿಯೊ, ಎಲ್‌ಇಡಿ ಹಚ್ಚಿದರೆ ಸುಟ್ಟುಹೋಗುತ್ತವೆ. ಲೂಕಾಸ್ ಬಣ್ಣದ ಲೆಕ್ಕ ತಿಳಿದರೆ ವೈರಿಂಗು ಅರ್ಧ ಮುಗಿಯಿತು: ಕಂದು ಬ್ಯಾಟರಿಯಿಂದ ನೇರ, ಬಿಳಿ ಇಗ್ನಿಶನ್, ಹಸಿರು ಫ್ಯೂಜ್ ದಾಟಿದ್ದು, ನೀಲಿ ಹೆಡ್‌ಲೈಟು, ಕೆಂಪು ಸಣ್ಣ ದೀಪ, ಕಪ್ಪು ಅರ್ತ್. ಹೆಡ್‌ಲೈಟಿಗೆ, ಹಾರ್ನಿಗೆ ಬೇರೆಬೇರೆ ಫ್ಯೂಜು ಸೇರಿಸಿಕೊಳ್ಳಿ.

ಈಗ ಬಣ್ಣ

ಬೆಳಗಾವಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಮಾಡಬೇಡಿ, ಗಾಳಿಯ ತೇವ ಬಣ್ಣದ ಮೇಲೆ ಬಿಳಿ ಮಬ್ಬಾಗಿ ಕೂರುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಸಮಸ್ಯೆ ಉಲ್ಟಾ: ಹನಿ ತಗಡು ಮುಟ್ಟುವ ಮೊದಲೇ ಒಣಗಿ ಮೈ ಉಸುಕಿನಂತಾಗುತ್ತದೆ. ಅಲ್ಲಿ ನಿಧಾನ ಒಣಗುವ ಥಿನ್ನರು, ಬೆಳಗಿನ ಏಳರ ಒಳಗೆ ಕೆಲಸ, ನೆಲಕ್ಕೆ ನೀರು ಚಿಮುಕಿಸಿ ಧೂಳು ಕಟ್ಟಿಹಾಕಿ. ನವೆಂಬರ್‌ನಿಂದ ಫೆಬ್ರುವರಿ ಎರಡೂ ಊರಿಗೆ ಒಳ್ಳೆಯ ಕಾಲ.

ಪುಟ್ಟಿ 2–3 ಎಂಎಂ ಮೀರಬಾರದು. ಅದಕ್ಕಿಂತ ಆಳದ ಕುಳಿಯನ್ನು ತಗಡು ಬಡಿದೇ ಎತ್ತಬೇಕು. ಎಪಾಕ್ಸಿ ಎರಡು ಕೋಟು, ಫಿಲ್ಲರ್ ಪ್ರೈಮರ್ ಎರಡು-ಮೂರು, 400ರಿಂದ 600 ನಂಬರಿನ ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಬಣ್ಣ ಮೂರು ಕೋಟು. 2ಕೆ ಬಣ್ಣಕ್ಕೆ (ಗಟ್ಟಿಯಾಗಲು ಹಾರ್ಡ್‌ನರ್ ಬೆರೆಸುವಂಥದ್ದು) ಹಾಕುವ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಎಂಬ ಶ್ವಾಸಕೋಶಕ್ಕೆ ಹಾನಿ ಮಾಡುವ ರಾಸಾಯನಿಕ ಇದೆ. ಬಟ್ಟೆ ಮಾಸ್ಕು, ಧೂಳಿನ ಮಾಸ್ಕು ಅದಕ್ಕೆ ಏನೂ ಅಲ್ಲ, ಒಮ್ಮೆ ಅಂಟಿದ ಆಸ್ತಮಾ ಬಿಡುವುದಿಲ್ಲ. ಹೊರಗಿನ ಗಾಳಿ ಪೂರೈಸುವ ಮುಖವಾಡ ಇಲ್ಲದಿದ್ದರೆ ಈ ಹಂತವನ್ನು ಬೂತ್ ಇರುವ ಪೇಂಟರಿಗೇ ಬಿಡಿ.

ಮೊದಲ ಸಾವಿರ ಕಿಲೋಮೀಟರ್

ಮೊದಲ ವಾರ ಊರೊಳಗೆ 10 ಕಿಲೋಮೀಟರ್ ಒಳಗೆ, ಜೊತೆಗೆ ಪಾನಾ, ನೀರಿನ ಕ್ಯಾನು, ಬೆಂಕಿ ಆರಿಸುವ ಸಿಲಿಂಡರು. 500 ಕಿಲೋಮೀಟರಿಗೆ ಆಯಿಲ್ ಬದಲಿಸಿ, ಹೆಡ್ ನಟ್ಟು ತಣ್ಣಗಿದ್ದಾಗ ಮತ್ತೆ ಬಿಗಿ ನೋಡಿ, ಟ್ಯಾಪೆಟ್ ಮತ್ತೆ ಹೊಂದಿಸಿ, ಬಾಡಿ ಬೋಲ್ಟುಗಳನ್ನೆಲ್ಲ ಒಂದು ಸುತ್ತು ನೋಡಿ. ಆಮೇಲೆ ವಂಟಮೂರಿ ಘಾಟು ಹತ್ತಿಸಿ. ಅಲ್ಲಿ ಉಷ್ಣಾಂಶದ ಮುಳ್ಳು ನಡುವೆಯೇ ನಿಂತರೆ ರೇಡಿಯೇಟರು ಸರಿ ಇದೆ. ಇಳಿಯುವಾಗ ತಿರುವಿನ ನಡುವೆ ಆಕ್ಸಿಲರೇಟರ್ ಥಟ್ಟನೆ ಬಿಡಬೇಡಿ, ಸ್ವಿಂಗ್ ಆಕ್ಸಲ್ಲಿನ ಹಿಂಗಾಲಿ ಒಳಕ್ಕೆ ಮಡಚಿ ಹಿಂಭಾಗ ಜಾರುತ್ತದೆ. ತಿರುವಿಗೆ ಮೊದಲೇ ವೇಗ ತಗ್ಗಿಸಿ.

ಮಳೆಗಾಲಕ್ಕೆ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕು ಎಳೆಯದೆ ಗಾಲಿಗೆ ಕಟ್ಟಿಗೆಯ ಗುಟ್ಟ ಕೊಡಿ, ಇಲ್ಲದಿದ್ದರೆ ಲೈನರು ಡ್ರಮ್ಮಿಗೆ ಅಂಟುತ್ತದೆ. ಟ್ಯಾಂಕು ಮೇಲಿನವರೆಗೆ ತುಂಬಿಸಿ, ಬ್ಯಾಟರಿ ಬಿಚ್ಚಿ, ಪ್ಲಾಸ್ಟಿಕ್ ತಾಡಪತ್ರಿ ಬದಲು ಹಳೆ ಹತ್ತಿ ಚಾದರ ಹೊದಿಸಿ. ಹದಿನೈದು ದಿನಕ್ಕೊಮ್ಮೆ ಕ್ಲಚ್ಚನ್ನು ನಾಲ್ಕಾರು ಸಲ ಒತ್ತಿ ಬಿಡಿ, ಕಾರನ್ನು ಅರ್ಧ ಗಾಲಿಯಷ್ಟು ಮುಂದೆ ತಳ್ಳಿ ಗುಟ್ಟ ಮತ್ತೆ ಕೊಡಿ.